ಒಂದು ಚಮಚ ಮೊಸರು

ಈ ಮಾರ್ಚಿನಲ್ಲಿ ಮಗಳ ಹತ್ತನೇ ತರಗತಿಯ ಪರೀಕ್ಷೆ ಶುರುವಾದ ದಿನ ನಾನು ಹೆತ್ತ ತಾಯಿಯ ಮೇಲೆ ಚೀರಿದೆ. ಮೊಮ್ಮಗಳ ಪರೀಕ್ಷೆಗೆಂದೇ ಅವ್ವ ಧಾರವಾಡದಿಂದ ಗೋವಾದ ಪರ್ವರಿಯ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ಹುಡುಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಬಟ್ಟಲು ಹಿಡಿದು ಬಾಗಿಲಿಗೆ ಬಂದು, “ಕೈ ಒಡ್ಡ ನಮ್ಮವ್ವ,” ಅಂದಳು. ಬಟ್ಟಲಲ್ಲಿ ಮೊಸರು, ಮೇಲೆ ಸಕ್ಕರೆ. ಅಂಗಡಿಯ ಪೊಟ್ಟಣದ್ದಲ್ಲ, ಅವಳೇ ಹೆಪ್ಪು ಹಾಕಿದ್ದು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಡುಗೆಮನೆಯಿಂದ ಓಡಿಬಂದು, “ಕೊಡಬ್ಯಾಡಬೇ, ಇಡ ಅದನ್ನ ಕೆಳಗ!” ಎಂದು ಕೂಗಿದೆ. ಮಗಳು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು.

ಅವ್ವ ಬಟ್ಟಲನ್ನು ಷೂ ಸ್ಟ್ಯಾಂಡಿನ ಮೇಲಿಟ್ಟಳು. ಮೊಮ್ಮಗಳು ಲಿಫ್ಟಿನೊಳಗೆ ಹೋದಮೇಲೆ ಕೇಳಿದಳು: “ಮೊಸರಿನ ಮ್ಯಾಲ ನಿನಗೇನ ಸಿಟ್ಟು? ನೀ ಪಿಎಚ್.ಡಿ. ಮುಗಿಸೂತನಾ ನಿನಗೂ ನಾನ ಕೊಟ್ಟೇನಿ.” ಹಾಲ್ ಟಿಕೆಟ್ ನೋಡಿಕೊಂಡಳೋ ಇಲ್ಲವೋ ಎಂದು ಏನೋ ಗೊಣಗಿ ಸ್ನಾನಕ್ಕೆ ಹೋದೆ. ಕೊಡಬಹುದಾದ ಉತ್ತರ ಎಂಟು ವರ್ಷ ಹಳೆಯದು, ಒಂದು ಮಳೆಗಾಲದಷ್ಟು ಉದ್ದದ್ದು, ಮತ್ತು ಅದರಲ್ಲಿ ನಾನು ಒಳ್ಳೆಯವಳಾಗಿ ಎಲ್ಲೂ ಕಾಣುವುದಿಲ್ಲ.

ಆಗ ನಾನು ನದಿ ಕಡಲು ಸೇರುವ ಕಡೆಯಲ್ಲಿದ್ದ ಒಂದು ಸಂಶೋಧನಾಲಯದಲ್ಲಿದ್ದೆ. ಹೆಸರು ಬೇಡ. ಮೂರು ವರ್ಷದ ಗುತ್ತಿಗೆಯ ಹುದ್ದೆ, ಅದರ ಕೊನೆಯ ವರ್ಷ. ನಮ್ಮ ಕೆಲಸ ಪ್ರೋಟೀನುಗಳನ್ನು ಗುರುತಿಸುವುದು. ಅದಕ್ಕೊಂದು ಯಂತ್ರ, ಮಾಸ್ ಸ್ಪೆಕ್ಟ್ರೋಮೀಟರ್. ಸುಲಭವಾಗಿ ಹೇಳುವುದಾದರೆ ಅದೊಂದು ಅತಿ ಸೂಕ್ಷ್ಮದ ತಕ್ಕಡಿ. ನಾವು ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟಿದ್ದೆವು. ಸೆಕೆ ಆಗದು, ಧೂಳು ಆಗದು, ಎಷ್ಟು ಮಾಡಿ ಹಾಕಿದರೂ ಒಂದು ಕೊಂಕು ಇದ್ದದ್ದೇ. ಅದರ ದೆಸೆಯಿಂದ ಗೋವಾದ ಮೇ ತಿಂಗಳಿನಲ್ಲೂ ನಾವು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆವು. ಪ್ರೋಟೀನನ್ನು ಚೂರುಚೂರು ಮಾಡಿ ಅತ್ತೆಗೆ ಉಣ್ಣಿಸಿದರೆ ಅವಳು ಒಂದೊಂದು ಚೂರಿನ ತೂಕ ಹೇಳುತ್ತಾಳೆ. ಆ ತೂಕದ ಚೂರು ಯಾವ ಪ್ರೋಟೀನಿನದು ಎಂದು ಕಂಪ್ಯೂಟರಿನ ಪಟ್ಟಿಯಲ್ಲಿ ಹುಡುಕುತ್ತೇವೆ. ಮಾದರಿ ಮನುಷ್ಯರದಾದರೆ ಮನುಷ್ಯರ ಪ್ರೋಟೀನುಗಳ ಪಟ್ಟಿ. ಪಕ್ಕದಲ್ಲೇ ಇನ್ನೊಂದು ಸಣ್ಣ ಪಟ್ಟಿ ಇರುತ್ತದೆ, ಕಸದ ಪಟ್ಟಿ. ಕೆಲಸ ಮಾಡುವವರ ಕೂದಲು, ಚರ್ಮ, ಸ್ವೆಟರಿನ ಉಣ್ಣೆ, ಪ್ರಯೋಗಕ್ಕೆ ಬಳಸುವ ಹಾಲಿನ ಕೇಸೀನ್ ಎಂಬ ಪ್ರೋಟೀನು, ಇವೆಲ್ಲ ಹೇಗೋ ನುಸುಳಿ ಬಂದೇ ಬರುತ್ತವೆ. ಬಂದರೆ ತಿರುಗಿಯೂ ನೋಡದೆ ಗುಡಿಸಿ ಹಾಕುವುದು ನಮ್ಮಲ್ಲಿ ಪದ್ಧತಿ. ಲೋಕದ ಎಲ್ಲ ಪ್ರಯೋಗಾಲಯಗಳಲ್ಲೂ ಹಾಗೇ ಮಾಡುತ್ತಾರೆ, ನಾನೂ ಮಾಡಿದೆ.

ನಮ್ಮ ಮುಖ್ಯಸ್ಥರು ನಾಯಕ್ ಸರ್. ಕಾರವಾರದವರು, ಮಾತಿನಲ್ಲಿ ಎತ್ತಿದ ಕೈ. ಕಲ್ಲಿದ್ದಲ ಧೂಳಿನಿಂದ ಶ್ವಾಸಕೋಶ ಕೆಡುತ್ತಿರುವುದನ್ನು ಎಂಜಲಿನ ಪರೀಕ್ಷೆಯಿಂದಲೇ ಮೊದಲಿಗೇ ಕಂಡುಹಿಡಿಯಬೇಕು ಎಂಬುದು ಅವರ ಯೋಜನೆ. ರಕ್ತ ಎಂದರೆ ಜನ ಹಿಂಜರಿಯುತ್ತಾರೆ, ಉಗುಳಲು ಯಾರೂ ಬೇಡ ಅನ್ನುವುದಿಲ್ಲ. ವಾಸ್ಕೋ ಬಂದರಿನಲ್ಲಿ ಕಲ್ಲಿದ್ದಲ ರೈಲು ವ್ಯಾಗನ್ನುಗಳ ತಳ ಕೆರೆದು ಗುಡಿಸುವ ಕೂಲಿಕಾರರಿದ್ದರು. ಒಬ್ಬ ಗುತ್ತಿಗೆದಾರನ ಕೈಕೆಳಗಿನವರು, ಬಹುಪಾಲು ವಿಜಯಪುರದ ಕಡೆಯವರು, ವಾಸ ಅಲ್ಲಿನ ಬಾಯ್ನಾ ಕೇರಿಯಲ್ಲಿ. “ನಿಮ್ಮ ಜನ, ನಿಮ್ಮ ಭಾಷೆ. ನೀವೇ ಹೋಗಿ ಮಾರಾಯ್ತಿ,” ಎಂದು ಸರ್ ನನ್ನನ್ನು ಕಳಿಸಿದರು. ಹೆಮ್ಮೆಯಿಂದಲೇ ಹೋದೆ.

ಅಲ್ಲಿ ಮೊದಲು ಸಿಕ್ಕವಳು ಯಲ್ಲವ್ವ. ಇಂಡಿ ತಾಲೂಕಿನವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಕೇರಿಯ ಅರ್ಧ ಜಗಳ ಬಿಡಿಸುವವಳು, ಉಳಿದರ್ಧ ಶುರುಮಾಡುವವಳು. ಅವಳ ಗಂಡ ಹನಮಪ್ಪ ಹದಿನಾಲ್ಕು ವರ್ಷದಿಂದ ವ್ಯಾಗನ್ನು ಗುಡಿಸುತ್ತಿದ್ದ. ಮಾತಿಗಿಂತ ಕೆಮ್ಮು ಹೆಚ್ಚು. ನನಗೆ ಕೂರಲು ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟು, ಹೊರಗೆ ಹೋಗಿ ಕೆಮ್ಮಿ ಬಂದ. ಒರೆಸಿದ ಬಟ್ಟೆ ಕಪ್ಪಾಗಿತ್ತು.

“ಗುತ್ತಿಗೆದಾರನ ಡಾಕ್ಟರು ಇದು ಬೀಡಿ ಕೆಮ್ಮು ಅಂತ ಬರದಾನ್ರಿ,” ಎಂದಳು ಯಲ್ಲವ್ವ. “ಇಂವ ಹುಟ್ಟಿದಾಗಿಂದ ಬೀಡಿ ಮುಟ್ಟಿಲ್ಲ. ಗೋದಾಮಿನ ಕೆಲಸಕ್ಕ ಹಾಕ್ರಿ ಅಂತ ಎಷ್ಟ ಸಲ ಕೇಳೇವಿ. ಅಲ್ಲಿ ಧೂಳ ಇಲ್ಲ. ಕಾಗದ ತೋರಸ್ರಿ ಅಂತಾನ. ನಿಮ್ಮ ಮಿಷನ್ ಹೇಳಿದ್ರ ಕೇಳ್ತಾನೇನ್ರಿ ಅಕ್ಕಾರ?”

“ಕೇಳಲೇಬೇಕವ್ವ,” ಎಂದೆ. ನನಗೆ ಅಷ್ಟು ಧೈರ್ಯದ ಮಾತನ್ನು ಕೊಡುವ ಹಕ್ಕು ಯಾರು ಕೊಟ್ಟಿದ್ದರೋ ಗೊತ್ತಿಲ್ಲ.

ಮೇ ತಿಂಗಳಲ್ಲಿ ಕೇರಿಯ ಮಾರುತಿ ಗುಡಿಯ ಪಕ್ಕದ ಹಾಲ್‌ನಲ್ಲಿ ಮೊದಲ ಸುತ್ತು. ಕೆಮ್ಮಿನವರು ಮೂವತ್ತು ಜನ, ಹೋಲಿಸಿ ನೋಡಲು ಅದೇ ಕೇರಿಯ ಗಟ್ಟಿಮುಟ್ಟಾದವರು ಮೂವತ್ತು ಜನ. ಸೂಚನೆಯ ಹಾಳೆಯನ್ನು ಕನ್ನಡಕ್ಕೆ ತಂದವಳು ನಾನೇ: ‘ಬೆಳಿಗ್ಗೆ ಎದ್ದ ಮೇಲೆ ಏನನ್ನೂ ತಿನ್ನಬಾರದು, ಕುಡಿಯಬಾರದು. ಬರಿ ನೀರಿನಿಂದ ಬಾಯಿ ಮುಕ್ಕಳಿಸಿ ಬರಬೇಕು.’ ಓದಲು ಬಾರದವರಿಗೆ ಓದಿ ಹೇಳಿದೆ. ಅಂದು ಒಬ್ಬೊಬ್ಬರನ್ನೂ ಕೂರಿಸಿ, “ಏನರ ತಿಂದೀರೇನ್ರಿ?” ಎಂದು ಕೇಳಿದೆ. “ಇಲ್ರಿ,” ಎಂದರು ಅರವತ್ತೂ ಜನ. ಯಾರೂ ಸುಳ್ಳು ಹೇಳಲಿಲ್ಲ. ಅವರ ಮಟ್ಟಿಗೆ ಅದು ಖರೆಯೇ ಆಗಿತ್ತು.

ಜೂನಿನ ಎರಡನೇ ವಾರ ಮಳೆ ಹಿಡಿಯಿತು. ಗೋವಾದ ಮಳೆಗೆ ಧಾರವಾಡದ ಜಿಟಿಜಿಟಿಯ ನಾಚಿಕೆ ಇಲ್ಲ, ಬಕೆಟ್ಟಿನಿಂದ ಸುರಿದಂತೆ ಸುರಿಯುತ್ತದೆ. ಅದೇ ವಾರ ಲೆಕ್ಕ ಮುಗಿಯಿತು. ಕೆಮ್ಮಿನವರ ಎಂಜಲಿನಲ್ಲಿ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಗಟ್ಟಿಮುಟ್ಟಾದವರಿಗಿಂತ ದುಪ್ಪಟ್ಟು. ಅದು ಎಲ್ಲ ಮನುಷ್ಯರ ಎಂಜಲಿನಲ್ಲೂ ಇರುವಂಥದ್ದು, ದೇಹದಲ್ಲಿ ಎಲ್ಲೋ ಉರಿಯೂತ ಇದ್ದರೆ ಏರುವಂಥದ್ದು. ಇದಕ್ಕಿಂತ ಚೆನ್ನಾದ ಫಲಿತಾಂಶ ಬೇಡಿಕೊಂಡರೂ ಸಿಗುವುದಿಲ್ಲ. ಮಾದರಿಗಳಲ್ಲಿ ಕೇಸೀನ್ ಕೂಡ ಕಂಡಿತ್ತು. ಕಸದ ಪಟ್ಟಿ ಅದನ್ನು ಗುಡಿಸಿ ಹಾಕಿತ್ತು. ಅದು ಯಾರ ಮಾದರಿಯಲ್ಲಿ ಇದೆ, ಯಾರದರಲ್ಲಿ ಇಲ್ಲ ಎಂದು ನಾನು ನೋಡಲಿಲ್ಲ. ಕಸವನ್ನು ಯಾರು ನೋಡುತ್ತಾರೆ? ಸರ್ ಕ್ಯಾಂಟೀನಿನಿಂದ ಎಲ್ಲರಿಗೂ ಬನ್ಸ್ ತರಿಸಿದರು. ನನ್ನ ಗುತ್ತಿಗೆ ಮುಂದುವರಿಸುವ ಪತ್ರ ಬರೆಯುತ್ತೇನೆ ಅಂದರು. ಸ್ವೆಟರ್ ಹಾಕಿಕೊಂಡೇ ಅತ್ತೆಯ ಮುಂದೆ ನಿಂತು ಅತ್ತುಬಿಟ್ಟೆ, ಅಷ್ಟು ಖುಷಿ.

ಸರ್‌ಗೆ ತಡೆಯಲಾಗಲಿಲ್ಲ. ಒಂದು ಸಭೆಯಲ್ಲಿ ಹೇಳಿದರು, ಅದು ಪೇಪರಿನ ಮೂಲೆಯಲ್ಲಿ ಬಂತು. ಗುತ್ತಿಗೆದಾರನಿಗೆ ಮಾನ ಉಳಿಸಿಕೊಳ್ಳಬೇಕಾಯಿತು. ಎರಡನೇ ಸುತ್ತಿನಲ್ಲೂ ಇದೇ ಬಂದರೆ ಆ ಮೂವತ್ತು ಜನರನ್ನು ವ್ಯಾಗನ್ ಬಿಡಿಸಿ ಗೋದಾಮಿಗೆ ಹಾಕುತ್ತೇನೆ, ಅಲ್ಲಿಯವರೆಗೆ ಅವರು ಗೋದಾಮಿನಲ್ಲೇ ಇರಲಿ ಎಂದ. ಹನಮಪ್ಪ ಆ ಮಳೆಗಾಲವಿಡೀ ಗೊಬ್ಬರದ ಚೀಲಗಳ ಎಣಿಕೆಗೆ ನಿಂತ. ಜುಲೈಯಲ್ಲಿ ನಾನು ನೋಡಿದಾಗ ಅವನು ಮೆಟ್ಟಿಲು ಹತ್ತಿ ನಿಂತು, ನಡುವೆ ಕೆಮ್ಮದೆ, ಒಂದು ಇಡೀ ವಾಕ್ಯ ಆಡಿದ: “ಅಕ್ಕಾರ, ಈಗ ರಾತ್ರಿ ಮಕ್ಕೊಂಡ್ರ ನಿದ್ದಿ ಬರತೈತ್ರಿ.”

ಎರಡನೇ ಸುತ್ತಿನ ಹೊತ್ತಿಗೆ ಮಾರುತಿ ಗುಡಿಯ ಹಾಲ್ ಸೋರತೊಡಗಿತ್ತು. ಹಾಗಾಗಿ ಮಾದರಿಯನ್ನು ಮನೆಯ ಬಾಗಿಲಲ್ಲೇ ತೆಗೆದುಕೊಳ್ಳೋಣವೆಂದು ಕೊಡೆ ಹಿಡಿದು ಬೆಳಿಗ್ಗೆಯೇ ಯಲ್ಲವ್ವನ ಮನೆಗೆ ಹೋದೆ. ಹೇಳದೆ ಹೋಗಿದ್ದೆ. ಹನಮಪ್ಪ ಬಾಯಿ ಮುಕ್ಕಳಿಸಿ, ಒಗೆದ ಅಂಗಿ ತೊಟ್ಟು, ಹಾಲ್‌ಗೆ ಹೊರಡಲು ಹೊಸ್ತಿಲ ಮೇಲೆ ನಿಂತಿದ್ದ. ಯಲ್ಲವ್ವ ಅವನ ಬಲಗೈ ಹಿಡಿದು ಅಂಗೈಗೆ ಒಂದು ಚಮಚ ಮೊಸರು ಹಾಕಿ, ಮೇಲೆ ಸಕ್ಕರೆ ಉದುರಿಸಿದಳು. ಅವನು ನೆಕ್ಕಿದ.

ನಾನು ಮಳೆಯಲ್ಲಿ ನಿಂತೇ ಕೇಳಿದೆ: “ಏನಿದು ಯಲ್ಲವ್ವ? ಏನೂ ತಿನ್ನಬಾರದು ಅಂತ ಹೇಳಿದ್ನಲ್ಲ?”

“ತಿಂದಿಲ್ರಿ!” ಎಂದಳು ಗಾಬರಿಯಾಗಿ. “ಖರೇನ ತಿಂದಿಲ್ಲ. ಇದು ತಿನ್ನೂದಲ್ಲಲ್ರಿ, ಶಕುನದ್ದು. ದೊಡ್ಡ ಕೆಲಸಕ್ಕ ಹೊಂಟವ್ರನ್ನ ಬರೀ ಕೈಲೆ ಹೆಂಗ ಕಳಸೂದ್ರಿ?”

“ಹೋದ ಸಲಾನೂ ಕೊಟ್ಟಿದ್ದ್ಯಾ?”

“ಕೊಟ್ಟಿದ್ದೆನ್ರಿ. ನಾ ಒಬ್ಬಾಕಿ ಅಲ್ಲ, ಕೆಮ್ಮು ಇದ್ದವ್ರ ಮನಿಮನಿಗೂ ಹೋಗಿ ಹೇಳಿ ಬಂದಿದ್ದೆ. ನಿಮ್ಮ ಗಂಡಸರನ್ನ ಹಂಗ ಕಳಸಬ್ಯಾಡ್ರಿ, ಮೊಸರು-ಸಕ್ಕರಿ ಹಾಕಿ ಕಳಸ್ರಿ ಅಂತ. ನಾನ ಮೊಸರೂ ಹಂಚಿದ್ದೆ. ನೋಡ್ರಿ, ಚಲೋನ ಆತಲ್ಲ!”

“ಮತ್ತ ಕೆಮ್ಮು ಇಲ್ಲದವ್ರಿಗೆ?”

ಅವಳು ನಕ್ಕಳು. “ಅವ್ರಿಗ್ಯಾಕ್ರಿ? ಅವ್ರು ಚಹಾ-ಬಿಸ್ಕೀಟು ಕೊಡ್ತಾರಂತ ಬಂದಿದ್ರು. ಅವ್ರಿಗೇನ ಆಗಬೇಕಾಗಿತ್ತು?”

ವಾಪಸು ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಮನುಷ್ಯರ ಪಟ್ಟಿಯ ಜತೆಗೆ ಆಕಳದ್ದನ್ನೂ ಸೇರಿಸಿ ಹುಡುಕಲು ಬೇಕಾದದ್ದು ಅರ್ಧ ಗಂಟೆ. ಆಕಳ ಹಾಲಿನಲ್ಲೂ ಲ್ಯಾಕ್ಟೋಫೆರಿನ್ ಇದೆ, ಅದರ ಕೆಲವು ಚೂರುಗಳು ನಮ್ಮದರ ಚೂರುಗಳಿಗೆ ತದ್ರೂಪ. ಮನುಷ್ಯರ ಪಟ್ಟಿ ಮಾತ್ರ ಕೊಟ್ಟರೆ ಕಂಪ್ಯೂಟರು ಅವನ್ನೂ ಮನುಷ್ಯರ ಲೆಕ್ಕಕ್ಕೇ ಹಾಕುತ್ತದೆ. ಈಗ ಆಕಳಿಗೆ ಮಾತ್ರ ಸೇರಿದ ಚೂರುಗಳು ಸಾಲಾಗಿ ಬಂದವು, ಎಲ್ಲವೂ ಕೆಮ್ಮಿನವರ ಮಾದರಿಗಳಲ್ಲಿ. ಕಸದ ಪಟ್ಟಿ ತೆರೆದೆ. ಕೇಸೀನ್ ಅಲ್ಲೇ ಕೂತಿತ್ತು, ಅದೇ ಮೂವತ್ತು ಜನರದ್ದು. ಮೇ ತಿಂಗಳಿಂದ ನನ್ನ ಕಣ್ಣೆದುರೇ ಇತ್ತು. ನಾವು ಕಂಡುಹಿಡಿದದ್ದು ರೋಗವನ್ನಲ್ಲ, ಯಾರ ಮನೆಯಲ್ಲಿ ಆಸೆ ಇತ್ತು ಎಂಬುದನ್ನು.

ದೆಹಲಿಯವರೋ ಜರ್ಮನಿಯವರೋ ಈ ತಪ್ಪು ಮಾಡಿದ್ದರೆ ಒಪ್ಪಬಹುದಿತ್ತು. ನಾನು ಧಾರವಾಡದವಳು. ಏಳನೇ ತರಗತಿಯಿಂದ ಹಿಡಿದು ಈ ಹುದ್ದೆಯ ಸಂದರ್ಶನದವರೆಗೆ ಮೊಸರು-ಸಕ್ಕರೆ ನೆಕ್ಕದೆ ಮನೆ ದಾಟಿದವಳಲ್ಲ. ‘ನಿಮ್ಮ ಜನ, ನಿಮ್ಮ ಭಾಷೆ’ ಎಂದು ನನ್ನನ್ನು ಕಳಿಸಿದ್ದು ಇದಕ್ಕೇ ಅಲ್ಲವೇ? ‘ಏನರ ತಿಂದೀರೇನ್ರಿ’ ಎಂದು ಕೇಳಿದವಳಿಗೆ ‘ಶಕುನಕ್ಕ ಏನರ ಕೊಟ್ರೇನ್ರಿ’ ಎಂದು ಕೇಳಲು ಬುದ್ಧಿ ಎಲ್ಲಿ ಹೋಗಿತ್ತು? ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಜೀವನದಲ್ಲಿ ಬೇರೆ ಯಾರ ಮೇಲೂ ಬಂದಿಲ್ಲ.

ಸರ್‌ಗೆ ಅಂದೇ ಹೇಳಿದೆ. ಅದೊಂದು ಸರಿಯಾದ ಕೆಲಸ ಮಾಡಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಮೊಸರು ಕೊಡದೆ ಎರಡನೇ ಸುತ್ತು ಮುಗಿಸಿ ನೋಡೋಣ, ಆಮೇಲೂ ಏನಾದರೂ ಉಳಿದೀತು ಅಂದರು. ಯಲ್ಲವ್ವನ ಕೇರಿಯಲ್ಲಿ ಯಾರೂ ಮೊಸರು ಕೊಡದ ಹಾಗೆ ನಾನೇ ಮನೆಮನೆಯ ಮುಂದೆ ನಿಂತು ಕಾದೆ. ಏನೂ ಉಳಿಯಲಿಲ್ಲ. ಎರಡು ಗುಂಪುಗಳ ಎಂಜಲೂ ಒಂದೇ.

ಗುತ್ತಿಗೆದಾರನಿಗೆ ಕಳಿಸುವ ತಪ್ಪೊಪ್ಪಿಗೆಯ ಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ಅದರಲ್ಲಿ ಒಂದು ಸಾಲು ಸೇರಿಸಿದ್ದೆ: ‘ಈ ಪರೀಕ್ಷೆ ವಿಫಲವಾಗಿದೆಯೇ ಹೊರತು ಈ ಕಾರ್ಮಿಕರು ಆರೋಗ್ಯವಂತರೆಂದು ಇದರಿಂದ ಸಿದ್ಧವಾಗುವುದಿಲ್ಲ; ಇವರ ಎಕ್ಸ್-ರೇ ತೆಗೆಸುವುದು ಅಗತ್ಯ.’ ಸರ್ ಅದರ ಮೇಲೆ ಗೆರೆ ಎಳೆದರು.

“ಇದು ಯಾಕೆ? ನಾವು ವೈದ್ಯರಲ್ಲ.”

“ಸರ್, ಇದಿಲ್ಲದಿದ್ದರೆ ಗುತ್ತಿಗೆದಾರ ಬೇರೆ ಅರ್ಥ ಮಾಡ್ತಾನೆ.”

“ಮಾಡಲಿ. ಒಂದು ಸಲ ಮರ್ಯಾದೆ ಹೋಗಿದ್ದು ಸಾಕು ಮಾರಾಯ್ತಿ, ಇನ್ನು ಅವನ ಹತ್ರ ಜಗಳ ಬೇರೆ ಬೇಕಾ? ಎರಡೂ ಗುಂಪಿನಲ್ಲಿ ವ್ಯತ್ಯಾಸ ಇಲ್ಲ ಅಂತ ಬರೆದು ಮುಗಿಸಿ. ನಿಮ್ಮ ಮುಂದುವರಿಕೆಯ ಕಾಗದ ನನ್ನ ಮೇಜಿನ ಮೇಲೇ ಇದೆ, ನೆನಪಿರಲಿ.”

ನೆನಪಿತ್ತು. ಮಗಳು ಆಗ ಎರಡನೇ ತರಗತಿ, ಗಂಡನ ಕೆಲಸ ಆಗಷ್ಟೇ ಹೋಗಿತ್ತು. ಆ ಸಾಲು ತೆಗೆದು ಸಹಿ ಮಾಡಿದೆ. ಬೇರೆ ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಮೊಸರಿನದು ತಪ್ಪು, ಇದು ಹೇಡಿತನ. ಎರಡೂ ಒಂದೇ ಅಲ್ಲವೆಂದು ಆಗಲೇ ಗೊತ್ತಿತ್ತು.

ಗುತ್ತಿಗೆದಾರ ನಾನು ಹೇಳಿದಂತೆಯೇ ಅರ್ಥಮಾಡಿಕೊಂಡ. ವ್ಯತ್ಯಾಸವಿಲ್ಲ ಎಂದರೆ ರೋಗವಿಲ್ಲ, ದೊಡ್ಡ ಸಂಸ್ಥೆಯವರೇ ಬರೆದು ಕೊಟ್ಟಿದ್ದಾರೆ. ಚೌತಿಯ ಗಣಪತಿ ನೀರಿಗೆ ಹೋದ ಮರುದಿನ ಮೂವತ್ತೂ ಜನರನ್ನು ಮತ್ತೆ ವ್ಯಾಗನ್ನಿಗೆ ಹಾಕಿದ. ನನ್ನ ಮುಂದುವರಿಕೆಯ ಕಾಗದ ಸರ್ ಮೇಜಿನ ಮೇಲೇ ಉಳಿಯಿತು. ಕೆಟ್ಟ ಹೆಸರು ಬಂದ ಯೋಜನೆಗೆ ಅನುದಾನ ಸಿಗುವುದಿಲ್ಲವಂತೆ. ಅದಕ್ಕೆ ಅಳು ಕೂಡ ಬರಲಿಲ್ಲ.

ಕೆಲಸ ಬಿಡುವ ಮೊದಲು ಒಮ್ಮೆ ಬಾಯ್ನಾಕ್ಕೆ ಹೋದೆ. ಮಳೆ ಹಿಂದೆಗೆದಿತ್ತು, ಕೇರಿಯ ಗೋಡೆಗಳ ಮೇಲೆ ಮತ್ತೆ ಕಪ್ಪು ಧೂಳು ಕೂರತೊಡಗಿತ್ತು. ಹನಮಪ್ಪ ಕೆಲಸಕ್ಕೆ ಹೋಗಿದ್ದ. ಯಲ್ಲವ್ವ ಜಗಳವಾಡುತ್ತಾಳೆ, ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದುಕೊಂಡೇ ಹೋಗಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಅದೇ ಕುರ್ಚಿ ಒರೆಸಿ ಕೊಟ್ಟಳು, ಎದುರಿಗೆ ನೆಲದ ಮೇಲೆ ಕೂತಳು.

“ನಂದ ತಪ್ಪಾತ್ರಿ ಅಕ್ಕಾರ,” ಎಂದಳು. “ಮೊಸರು ಕೊಟ್ಟು ನಾನ ಎಲ್ಲಾ ಕೆಡಿಸಿದೆ. ನಿಮ್ಮ ನೌಕರಿನೂ ಹೋತಂತ. ಮೂವತ್ತ ಮನಿಯವ್ರು ನನ್ನ ಮಾರಿ ನೋಡವಲ್ರು. ನಾ ಸುಮ್ಮನಿದ್ದಿದ್ರ ಇವರೆಲ್ಲಾ ಗೋದಾಮಿನ್ಯಾಗ ಇರ್ತಿದ್ರು.”

ಅಲ್ಲ ಎನ್ನಬೇಕಿತ್ತು. ಮೊಸರು ಕೊಡದಿದ್ದರೆ ಮೊದಲಿಗೇ ಏನೂ ಸಿಗುತ್ತಿರಲಿಲ್ಲ, ಕೆಟ್ಟದ್ದು ನಿನ್ನ ಚಮಚದಿಂದಲ್ಲ, ಒಂದು ಸಾಲು ತೆಗೆದು ಹಾಕಿದ ನನ್ನ ಸಹಿಯಿಂದ ಎನ್ನಬೇಕಿತ್ತು. ಅಷ್ಟು ಹೇಳಲೆಂದೇ ಬಸ್ಸು ಹತ್ತಿ ಬಂದಿದ್ದೆ. ಆದರೆ ಅವಳು ತಪ್ಪನ್ನು ತಾನಾಗಿ ತಲೆಯ ಮೇಲೆ ಹೊತ್ತುಕೊಂಡು ಕೂತಾಗ, ಇಳಿಸಲು ನನ್ನ ಕೈ ಮುಂದಾಗಲಿಲ್ಲ. “ಆದದ್ದಾತು ಬಿಡ ಯಲ್ಲವ್ವ,” ಎಂದೆ. ಚಹಾ ಕುಡಿದು ಎದ್ದುಬಂದೆ.

ಈಗ ನಾನು ಕೊರ್ಲಿಮ್‌ನ ಕೈಗಾರಿಕಾ ವಸಾಹತಿನಲ್ಲಿ ಗುಳಿಗೆಗಳ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ಅತ್ತೆಯ ತಂಗಿಯಂಥ ಯಂತ್ರ ಅಲ್ಲೂ ಇದೆ. ಗುಳಿಗೆಗಳು ಪಾಪ, ಯಾವ ಆಸೆಯನ್ನೂ ಇಟ್ಟುಕೊಂಡು ಬರುವುದಿಲ್ಲ. ಸರ್ ನಿವೃತ್ತರಾಗಿ ಕಾರವಾರದಲ್ಲಿದ್ದಾರೆ. ಅವರ ಸಂಶೋಧನಾಲಯದಲ್ಲಿ ಈಗಲೂ ಎಂಜಲಿನ ಪರೀಕ್ಷೆಗೆ ಬರುವವರಿಗೆ ಕೊಡುವ ಹಾಳೆಯಲ್ಲಿ, ‘ಶಕುನಕ್ಕೆಂದು ಮೊಸರು, ಸಕ್ಕರೆ, ಪ್ರಸಾದ ಯಾವುದನ್ನೂ ಬಾಯಿಗೆ ಹಾಕಬಾರದು’ ಎಂಬ ಸಾಲಿದೆಯಂತೆ. ಹತ್ತು ವರ್ಷದ ನನ್ನ ವಿಜ್ಞಾನದಲ್ಲಿ ಬಳಕೆಯಲ್ಲಿ ಉಳಿದಿರುವುದು ಅದೊಂದೇ.

ಮಗಳ ಪರೀಕ್ಷೆ ಮುಗಿದ ಭಾನುವಾರ, ಅವ್ವನಿಗೆ ಎಲ್ಲಿಗೆಂದು ಹೇಳದೆ, ವಾಸ್ಕೋ ಬಸ್ಸು ಹತ್ತಿದೆ. ಬಸ್ಸಿಳಿದರೆ ಅದೇ ವಾಸನೆ, ಉಪ್ಪುಗಾಳಿ ಮತ್ತು ಕಲ್ಲಿದ್ದಲು. ಯಲ್ಲವ್ವ ಅದೇ ಮನೆಯಲ್ಲಿದ್ದಳು, ತಲೆ ಪೂರ್ತಿ ನೆರೆತಿತ್ತು. ಗೋಡೆಯ ಮೇಲೆ ಹನಮಪ್ಪನ ಫೋಟೊಕ್ಕೆ ಪ್ಲಾಸ್ಟಿಕ್ ಹಾರ ಹಾಕಿದ್ದಳು. ಹೋಗಿ ಐದು ವರ್ಷವಾಯಿತಂತೆ. ಕಡೆಕಡೆಗೆ ಆಸ್ಪತ್ರೆಯವರು ಎಕ್ಸ್-ರೇ ತೆಗೆದು, ಎದೆಯೊಳಗೆಲ್ಲ ಕಲ್ಲಿದ್ದಲೇ ಅಂದರಂತೆ.

ನಾನು ಬಂದ ಹೊತ್ತಿಗೆ ಅವಳ ಮಗಳು ನರ್ಸಿಂಗ್ ಕೋರ್ಸಿನ ಸಂದರ್ಶನಕ್ಕೆ ಮಡಗಾಂವಿಗೆ ಹೊರಟಿದ್ದಳು. ಹುಡುಗಿ ಕಾಲಿಗೆ ಬಿದ್ದಾಗ ಯಲ್ಲವ್ವ ತಲೆ ಮುಟ್ಟಿದಳು, ಅಷ್ಟೇ. ಒಲೆಯ ಪಕ್ಕದಲ್ಲಿ ಮೊಸರಿನ ಗಡಿಗೆ ಇತ್ತು. ನನ್ನ ಕಣ್ಣು ಅದರ ಮೇಲೆ ಬಿದ್ದದ್ದನ್ನು ನೋಡಿ ಅಂದಳು: “ನಾ ಯಾರಿಗೂ ಕೊಡೂದಿಲ್ರಿ ಈಗ. ಎಂಟ ವರ್ಷಾತು. ನನ್ನ ಕೈಗುಣ ಚಲೋ ಇಲ್ಲ.”

ಆಗ ಹೇಳಿದೆ. ತೆಗೆದುಹಾಕಿದ ಸಾಲು, ನನ್ನ ಸಹಿ, ಸರ್ ಮೇಜಿನ ಮೇಲಿದ್ದ ಕಾಗದ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಪೂರ್ತಿ ಕೇಳಿದಳು. ಬೈಯಲಿಲ್ಲ, ಅಳಲಿಲ್ಲ. ಗೋಡೆಯ ಮೇಲಿನ ಗಂಡನನ್ನು ಒಮ್ಮೆ ನೋಡಿದಳು.

“ಅಂವ ಸಾಯೂತನಾ ನಾ ಅವನ ಮುಂದ ಕೂತು ಊಟಾ ಮಾಡಿಲ್ರಿ,” ಎಂದಳು. “ನನ್ನ ಕೈಲಿಂದ ಹಿಂಗಾತು ಅಂತ. ಆವತ್ತ ಇದ ಕುರ್ಚಿ ಮ್ಯಾಲ ಕೂತಿದ್ರಿ. ಆವತ್ತ ಒಂದ ಮಾತ ಹೇಳಿದ್ರ ಏನಾಗತಿತ್ರಿ ಅಕ್ಕಾರ?”